ಮಕ್ಕಳೇ ಹೂಡುವ ಮಣೆಯಾಟ: ಶಾಲೆ ಮತ್ತು ಅರಿವು ಕೇಂದ್ರಗಳಿಗೆ ಒಂದು ಪಾಠ

(ಹಾವೇರಿ, ರಾಣೆಬೆನ್ನೂರು ಮತ್ತು ಬ್ಯಾಡಗಿ ತಾಲ್ಲೂಕುಗಳ ಗ್ರಾಮ ಪಂಚಾಯತಿ ಸದಸ್ಯರ ಅಧ್ಯಯನಕ್ಕಾಗಿ)

ಹಳೆಯ ದೇವಾಲಯಗಳ ಮುಖಮಂಟಪದಲ್ಲಿ, ಊರ ಮುಂದಿನ ಕಟ್ಟೆಯ ಕಲ್ಲುಹಾಸಿನ ಮೇಲೆ ಒಮ್ಮೊಮ್ಮೆ ಉಳಿಯ ಗುರುತುಗಳು ಕಾಣುತ್ತವೆ. ಐದೈದು ಮನೆಗಳ ಒಂದು ಚೌಕ, ಒಂದರೊಳಗೊಂದು ಕೊರೆದ ಮೂರು ಚೌಕಗಳು, ಎರಡು ಸಾಲು ಗುಳಿಗಳು, ತ್ರಿಕೋನದ ಮೇಲೆ ಹಾದುಹೋದ ಅಡ್ಡಗೆರೆಗಳು. ಹಂಪಿಯ ಮಂಟಪಗಳಲ್ಲಿಯೂ ನಾಡಿನ ಇತರ ಅನೇಕ ಪ್ರಾಚೀನ ಗುಡಿಗಳಲ್ಲಿಯೂ ಇಂಥ ಕೊರೆತಗಳಿವೆ. ಇವು ಶಾಸನಗಳಲ್ಲ, ರಂಗೋಲಿಯೂ ಅಲ್ಲ. ಚೌಕಾಬಾರ, ನವಕಂಕರಿ, ಅಳಗುಳಿಮಣೆ, ಹುಲಿ-ಕುರಿ ಆಟಗಳ ಮಣೆಗಳು. ಅವುಗಳನ್ನು ಕೊರೆದವರ ಹೆಸರು ಯಾರಿಗೂ ತಿಳಿಯದು. ಜಾತ್ರೆಗೆ ಬಂದು ಕಾದು ಕುಳಿತವರು, ದನ ಕಾಯುವ ಹುಡುಗರು, ಕಲ್ಲುಕುಟಿಗರು, ಯಾರೂ ಆಗಿರಬಹುದು.

ಗ್ರಾಮ ಪಂಚಾಯತಿ ಸದಸ್ಯರಿಗೆ ಈ ಸಂಗತಿ ಮೊದಲು ಎದುರಾಗುವುದು ಕಾಮಗಾರಿಯ ಅಂದಾಜುಪಟ್ಟಿಯಲ್ಲಿ. ಕಟ್ಟೆಯ ಜೀರ್ಣೋದ್ಧಾರ, ಅಂಗಳಕ್ಕೆ ಟೈಲ್ಸ್, ಗ್ರಾನೈಟ್ ಹಾಸು ಎಂದು ಠರಾವು ಆಗುತ್ತದೆ. ಹಳೆಯ ಹಾಸುಗಲ್ಲು ಕಿತ್ತು ಚರಂಡಿಯ ಮೇಲೆ ಮುಚ್ಚಳವಾಗುತ್ತದೆ. ಆಟವೊಂದು ಊರಿನಿಂದ ಹೊರಟುಹೋದದ್ದು ನಡಾವಳಿಯಲ್ಲಿ ಎಲ್ಲಿಯೂ ದಾಖಲಾಗುವುದಿಲ್ಲ. ಆದುದರಿಂದ ಈ ಪಾಠದ ಮೊದಲ ಕೆಲಸ ಮಕ್ಕಳದ್ದಲ್ಲ, ಸದಸ್ಯರದ್ದೇ. ಕಟ್ಟೆಯ ದುರಸ್ತಿಗೆ ಮುನ್ನ ಅಲ್ಲಿರುವ ಕಲ್ಲುಗಳನ್ನು ಒಮ್ಮೆ ತೊಳೆಸಿ ನೋಡುವುದು, ಮಣೆಯ ಗುರುತು ಇದ್ದರೆ ಆ ಕಲ್ಲನ್ನು ಅಲ್ಲಿಯೇ ಉಳಿಸುವಂತೆ ಅಂದಾಜಿನಲ್ಲಿಯೇ ಬರೆಸುವುದು.

ಎರಡನೆಯ ಕೆಲಸ ಇನ್ನೂ ದೊಡ್ಡದು. ಆ ಮಣೆಗಳನ್ನು ಕೊರೆದವರು ಆಟವನ್ನು ಅಂಗಡಿಯಿಂದ ತಂದಿರಲಿಲ್ಲ. ತಮಗೆ ಬೇಕಾದುದನ್ನು ತಾವೇ ಹೂಡಿದರು, ಊರಿಂದೂರಿಗೆ ನಿಯಮ ಬದಲಿಸಿದರು. ಇಂದಿನ ವಿದ್ಯಾರ್ಥಿಗಳಿಗೆ ಆ ಶಕ್ತಿಯನ್ನು ಮರಳಿ ಕಲಿಸುವುದು ಹೇಗೆ, ಅದರಿಂದ ಏನು ಸಾಧ್ಯ, ಪಂಚಾಯತಿ ಎಲ್ಲಿ ಕೈಹಾಕಬೇಕು, ಎಲ್ಲಿ ಕೈಹಾಕಬಾರದು ಎಂಬುದು ಇಲ್ಲಿನ ವಿಷಯ. ಕುಳಿತು ಆಡುವ, ಮಣೆ, ಹಾಸುಬಟ್ಟೆ, ಎಲೆ ಅಥವಾ ಬೀಜಗಳಿಂದ ಆಡುವ ಆಟಗಳನ್ನೆಲ್ಲ ಈ ಪಾಠದಲ್ಲಿ ‘ಮಣೆಯಾಟ’ ಎಂದೇ ಕರೆಯಲಾಗಿದೆ.

ಅರಮನೆಯಲ್ಲಿ ನಡೆದ ಪ್ರಯೋಗ

ಆಟಗಳ ರಚನೆ ಮಕ್ಕಳ ಕಾಲಹರಣವೆಂದು ಭಾವಿಸುವವರು ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರನ್ನು (1794–1868) ನೆನೆಯಬೇಕು. ಆಡಳಿತಾಧಿಕಾರವನ್ನು ಬ್ರಿಟಿಷರು 1831ರಲ್ಲಿ ಕೈಗೆತ್ತಿಕೊಂಡ ನಂತರ ಈ ಅರಸರು ವಿದ್ಯೆ ಮತ್ತು ಕಲೆಗಳತ್ತ ಹೆಚ್ಚು ಮನಸ್ಸು ಕೊಟ್ಟರು. ಅವರ ಆಶ್ರಯದಲ್ಲಿ ಸಿದ್ಧವಾದ ‘ಶ್ರೀತತ್ತ್ವನಿಧಿ’ಯ ಒಂಬತ್ತು ನಿಧಿಗಳಲ್ಲಿ ಕೊನೆಯದಾದ ‘ಕೌತುಕನಿಧಿ’ ಆಟಗಳಿಗೇ ಮೀಸಲು. ಅದರಲ್ಲಿ ಗಂಜೀಫಾ ಎಲೆಗಳ ಆಟಗಳೂ ಸೇರಿವೆ. ಚದುರಂಗದ ಕುದುರೆಯು ಯಾವ ಮನೆಯನ್ನೂ ಎರಡನೆಯ ಬಾರಿ ಮುಟ್ಟದೆ 64 ಮನೆಗಳನ್ನೂ ಸುತ್ತಿಬರುವ ನಡೆಗಳನ್ನು ಅರಸರು ಸ್ವತಃ ಹೆಣೆದರು. ಮೈಸೂರಿನ ಜಗನ್ಮೋಹನ ಅರಮನೆಯ ಗೋಡೆಗಳ ಮೇಲೆ ಅವರ ಆಟದ ಪಟಗಳ ಚಿತ್ರಗಳು ಇಂದಿಗೂ ಇವೆ. ಇತ್ತೀಚಿನ ವರ್ಷಗಳಲ್ಲಿ ಮೈಸೂರಿನ ರಾಮ್ಸನ್ಸ್ ಕಲಾ ಪ್ರತಿಷ್ಠಾನವು ‘ಕ್ರೀಡಾ ಕೌಶಲ್ಯ’ ಎಂಬ ಪ್ರದರ್ಶನಗಳ ಮೂಲಕ ಇಂಥ ಹಳೆಯ ಆಟಗಳನ್ನು ಕುಶಲಕರ್ಮಿಗಳ ಕೈಯಲ್ಲಿ ಮತ್ತೆ ಮಾಡಿಸಿ ಜನರ ಮುಂದಿಟ್ಟಿದೆ.

ಅರಸರ ಉದಾಹರಣೆಯಲ್ಲಿ ಶಾಲೆಗೆ ಬೇಕಾದ ಸಂಗತಿ ಒಂದೇ. ಅವರು ಶೂನ್ಯದಿಂದ ಆರಂಭಿಸಲಿಲ್ಲ. ಎಲ್ಲರೂ ಬಲ್ಲ ಪಗಡೆ, ಚದುರಂಗ, ಗಂಜೀಫಾಗಳನ್ನೇ ತೆಗೆದುಕೊಂಡು ಮನೆಗಳನ್ನು ಹೆಚ್ಚಿಸಿದರು, ಎಲೆಗಳ ಬಣ್ಣಗಳನ್ನು ಹೆಚ್ಚಿಸಿದರು, ನಡೆಯನ್ನು ಬದಲಿಸಿದರು. ಮಕ್ಕಳಿಗೂ ಇದೇ ದಾರಿ. ‘ಹೊಸ ಆಟವೊಂದನ್ನು ರಚಿಸಿ’ ಎಂದು ಹೇಳಿ ಡ್ರಾಯಿಂಗ್ ಹಾಳೆ ಕೊಟ್ಟರೆ ಮೂವತ್ತರಲ್ಲಿ ಇಪ್ಪತ್ತೆಂಟು ಮಕ್ಕಳು ಹಾವು-ಏಣಿಯನ್ನೇ ಬರೆದು ತರುತ್ತಾರೆ. ‘ಚೌಕಾಬಾರದಲ್ಲಿ ಒಂದೇ ಒಂದು ನಿಯಮ ಬದಲಿಸಿ, ಆಡಿ ನೋಡಿ’ ಎಂದರೆ ಕೆಲಸ ಆರಂಭವಾಗುತ್ತದೆ.

ಕವಡೆಯಿಂದ ಲೆಕ್ಕಕ್ಕೆ

ಚೌಕಾಬಾರದ ಮಣೆ ಈ ಭಾಗದ ಪ್ರತಿ ಮನೆಯ ಹಿರಿಯರಿಗೂ ಗೊತ್ತು. ಐದೈದು, ಒಟ್ಟು 25 ಮನೆ. ಪ್ರತಿ ಬದಿಯ ನಡುಮನೆಯೂ ಎಲ್ಲಕ್ಕೂ ಮಧ್ಯದ ಮನೆಯೂ ಕಟ್ಟೆ. ಕಟ್ಟೆಯಲ್ಲಿ ಕುಳಿತ ಕಾಯಿಯನ್ನು ಹೊಡೆಯುವಂತಿಲ್ಲ. ನಾಲ್ಕು ಕವಡೆ; ಕವಡೆ ಸಿಗದಲ್ಲಿ ಒಂದು ಬದಿ ಉಜ್ಜಿ ಬಿಳಿ ಮಾಡಿದ ನಾಲ್ಕು ಹುಣಸೆ ಬೀಜ. ಒಂದು ಬಾಯಿ ಮೇಲಾದರೆ 1, ಎರಡಾದರೆ 2, ಮೂರಾದರೆ 3, ನಾಲ್ಕೂ ಮೇಲಾದರೆ 4, ನಾಲ್ಕೂ ಬೋರಲಾದರೆ 8. ನಾಲ್ಕು, ಎಂಟು ಬಿದ್ದವರಿಗೆ ಮತ್ತೊಂದು ಗರ.

ಎಂಟನೆಯ ತರಗತಿಯ ಮಗು ಇಲ್ಲಿ ಕೇಳಬಹುದಾದ ಪ್ರಶ್ನೆ: ಎಂಟು ಏಕೆ ಅಷ್ಟು ಅಪರೂಪ? ಪ್ರತಿ ಬೀಜವೂ ಎರಡು ಬದಿಗೆ ಸಮನಾಗಿ ಬೀಳುತ್ತದೆಂದು ಇಟ್ಟುಕೊಂಡರೆ ನಾಲ್ಕು ಬೀಜಗಳು 16 ರೀತಿಯಲ್ಲಿ ಬೀಳಬಲ್ಲವು. ಅವುಗಳಲ್ಲಿ 1 ಬೀಳುವ ರೀತಿ ನಾಲ್ಕು, 2 ಬೀಳುವ ರೀತಿ ಆರು, 3 ಬೀಳುವ ರೀತಿ ನಾಲ್ಕು. 4ಕ್ಕೂ 8ಕ್ಕೂ ತಲಾ ಒಂದೊಂದೇ. ಎಲ್ಲವನ್ನೂ ಕೂಡಿಸಿ ಹದಿನಾರರಿಂದ ಭಾಗಿಸಿದರೆ ಒಂದು ಗರದ ಸರಾಸರಿ ಎರಡೂವರೆ ಮನೆ. ಆದರೆ ಕೈಯಲ್ಲಿರುವ ಕವಡೆ ಪುಸ್ತಕದ ಕವಡೆಯಲ್ಲ. ಅದರ ಬೆನ್ನು ಒಂದು ಬದಿ ಭಾರ. ನೂರು ಗರ ಹಾಕಿ ಗೆರೆ ಎಳೆದು ಎಣಿಸಿದರೆ ಲೆಕ್ಕಕ್ಕೂ ನಿಜಕ್ಕೂ ಎಷ್ಟು ಅಂತರವೆಂಬುದು ಮಕ್ಕಳಿಗೇ ಕಾಣುತ್ತದೆ. ಸಂಭವನೀಯತೆಯ ಪಾಠವನ್ನು ಕರಿಹಲಗೆಯ ಮೇಲೆ ಇಷ್ಟು ಚೆನ್ನಾಗಿ ಮಾಡುವುದು ಕಷ್ಟ.

ಇನ್ನೂ ಮುಂದೆ ಹೋಗಬಹುದು. ಒಂದು ಕಾಯಿ ತನ್ನ ಕಟ್ಟೆಯಿಂದ ಹೊರಟು ಹೊರಸುತ್ತು ಮುಗಿಸಿ, ಒಳಸುತ್ತಿನ ಎಂಟು ಮನೆ ದಾಟಿ ನಡುಮನೆಯಲ್ಲಿ ಹಣ್ಣಾಗಲು 24 ಮನೆ ನಡೆಯಬೇಕು. ಸರಾಸರಿ ಎರಡೂವರೆಯಾದರೆ ಸುಮಾರು 10 ಗರ. ನಾಲ್ಕು ಕಾಯಿಗೆ 40 ಗರ. ನಾಲ್ವರು ಆಡಿದರೆ 160 ಗರ. ಒಂದು ಗರಕ್ಕೆ ಕಾಲು ನಿಮಿಷವೆಂದರೂ 40 ನಿಮಿಷ. ಕಾಯಿ ಹೊಡೆಸಿಕೊಂಡು ಮೊದಲಿನಿಂದ ನಡೆಯುವುದು ಇದರಲ್ಲಿ ಸೇರಿಲ್ಲ. ಶಾಲೆಯ ಅವಧಿಯೇ ಹೆಚ್ಚುಕಡಿಮೆ ಅಷ್ಟು. ಹಾಗಾದರೆ ಆಟ ಗಂಟೆ ಹೊಡೆಯುವುದರೊಳಗೆ ಮುಗಿಯುವಂತೆ ಏನನ್ನು ಬದಲಿಸಬೇಕು? ಕಾಯಿಗಳನ್ನು ಎರಡಕ್ಕೆ ಇಳಿಸುವುದೆ, ಒಳಸುತ್ತನ್ನು ಬಿಡುವುದೆ, ಕಟ್ಟೆಗಳನ್ನು ಹೆಚ್ಚಿಸಿ ಹೊಡೆತ ಕಡಿಮೆ ಮಾಡುವುದೆ? ಮೂರು ಗುಂಪುಗಳು ಮೂರು ದಾರಿ ಹಿಡಿದು ಆಡಿ ನೋಡಿದರೆ ಮೂರೂ ಬೇರೆ ಬೇರೆ ಆಟಗಳಾಗಿ ಹೊರಬರುತ್ತವೆ. ಕಟ್ಟೆ ಹೆಚ್ಚಾದ ಆಟ ಬೇಗ ಮುಗಿಯುತ್ತದೆ, ಆದರೆ ಸಪ್ಪೆಯಾಗುತ್ತದೆ. ಆ ಸಪ್ಪೆತನವನ್ನು ಮಕ್ಕಳು ತಾವೇ ಕಂಡುಕೊಂಡ ಕ್ಷಣದಿಂದ ಅವರು ಕೇವಲ ಆಟಗಾರರಲ್ಲ.

ಊರು ಮಣೆಯ ಮೇಲೆ ಬಂದಾಗ

ಎರಡನೆಯ ಹಂತದಲ್ಲಿ ಊರಿನ ಬದುಕನ್ನು ಆಟಕ್ಕೆ ತರಬಹುದು. ಇಲ್ಲಿ ಬಹುತೇಕ ಶಾಲೆಗಳು ಎಡವುವ ಜಾಗವೊಂದಿದೆ. ‘ಶೌಚಾಲಯ ಕಟ್ಟಿದರೆ ಏಣಿ, ಕಸ ಎಸೆದರೆ ಹಾವು’ ಎಂದು ಬರೆದುಬಿಡುವುದು; ಅಥವಾ ‘ಪ್ರಶ್ನೆಗೆ ಉತ್ತರ ಹೇಳಿದರೆ ಎರಡು ಮನೆ ಮುಂದೆ’ ಎನ್ನುವುದು. ಮೊದಲನೆಯದು ದಾಳ ಇಟ್ಟುಕೊಂಡ ಗೋಡೆಬರಹ, ಎರಡನೆಯದು ದಾಳ ಇಟ್ಟುಕೊಂಡ ಪರೀಕ್ಷೆ. ಎರಡರಲ್ಲಿಯೂ ಆಡುವವರು ತೀರ್ಮಾನಿಸಬೇಕಾದುದು ಏನೂ ಇಲ್ಲ. ಪರಮಪದ ಸೋಪಾನಪಟದಲ್ಲಿ ಹಾಗಿದ್ದುದಕ್ಕೆ ಕಾರಣವಿತ್ತು. ಮನುಷ್ಯನ ಕೈಯಲ್ಲಿ ಏನೂ ಇಲ್ಲವೆಂಬುದನ್ನು ಹೇಳಲೆಂದೇ ಆ ಪಟ ಹುಟ್ಟಿತೆನ್ನಬಹುದು. ಪಂಚಾಯತಿಯ ಶಾಲೆಗಳಲ್ಲಿ ಮಕ್ಕಳಿಗೆ ಅದಕ್ಕೆ ವಿರುದ್ಧವಾದುದನ್ನು ಕಲಿಸಬೇಕಾಗಿದೆ.

ಆದ್ದರಿಂದ ಶಿಕ್ಷಕರು ಮೊದಲು ಕೇಳಬೇಕಾದ ಪ್ರಶ್ನೆ ‘ಈ ಆಟ ಯಾವ ವಿಷಯದ ಮೇಲೆ?’ ಎಂಬುದಲ್ಲ, ‘ಈ ಆಟದಲ್ಲಿ ಆಡುವವರು ಯಾವ ಇಕ್ಕಟ್ಟಿನಲ್ಲಿ ಸಿಲುಕುತ್ತಾರೆ?’ ಎಂಬುದು. ಮೂರು ತಾಲ್ಲೂಕುಗಳಲ್ಲಿ ಅಂಥ ಇಕ್ಕಟ್ಟುಗಳಿಗೆ ಬರವಿಲ್ಲ.

ರಾಣೆಬೆನ್ನೂರಿನಿಂದ ಆರಂಭಿಸಬಹುದು. 1974ರಲ್ಲಿ ಘೋಷಿತವಾದ, 119 ಚದರ ಕಿಲೋಮೀಟರ್ ವ್ಯಾಪ್ತಿಯ ಕೃಷ್ಣಮೃಗ ಅಭಯಾರಣ್ಯ ಈ ತಾಲ್ಲೂಕಿನ ಹೆಮ್ಮೆ. ಅಂಚಿನ ಹೊಲಗಳ ರೈತನಿಗೆ ಅದೇ ಚಿಗರಿ ಗೋವಿನಜೋಳದ ಎಳೆಯ ಪೈರಿಗೆ ಬಾಯಿಹಾಕುವ ಹಿಂಡು. ಹುಲಿ-ಕುರಿ ಆಟದ ಮಣೆಯಲ್ಲಿ 23 ಕೂಡುಸ್ಥಾನ, 3 ಹುಲಿ, 15 ಕುರಿ. ಹುಲಿ ಕುರಿಯ ಮೇಲೆ ಹಾರಿ ಕೊಲ್ಲುತ್ತದೆ. ಕುರಿಗಳು ಸುತ್ತುವರಿದು ಹುಲಿಯನ್ನು ಕಟ್ಟಿಹಾಕುತ್ತವೆ. ಇದೇ ಮಣೆಯಲ್ಲಿ ಹದಿನೈದು ಚಿಗರಿ, ಮೂವರು ರೈತರನ್ನು ಇಟ್ಟರೆ ಏನಾಗುತ್ತದೆ? ಕೊಲ್ಲುವ ನಿಯಮ ಅಲ್ಲಿ ನಿಲ್ಲದು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಕೃಷ್ಣಮೃಗವನ್ನು ಮೊದಲನೆಯ ಅನುಸೂಚಿಯಲ್ಲಿಯೇ ಇಟ್ಟಿದೆ. ಯಾರನ್ನೂ ಕೊಲ್ಲದೆ, ಆದರೂ ಸೋಲು-ಗೆಲುವು ಇರುವಂತೆ ನಿಯಮ ಬರೆಯಿರಿ ಎಂದರೆ ಮಕ್ಕಳು ತಲೆ ಕೆರೆದುಕೊಳ್ಳುತ್ತಾರೆ. ಓಡಿಸಿದ ಚಿಗರಿ ಎಲ್ಲಿಗೆ ಹೋಗಬೇಕು? ಪಕ್ಕದವನ ಹೊಲಕ್ಕೆ ಹೋದರೆ ಗೆದ್ದಂತೆಯೆ? ದೊಡ್ಡವರ ಸಭೆಗಳಲ್ಲಿ ಇನ್ನೂ ಬಗೆಹರಿಯದ ಪ್ರಶ್ನೆ ಹನ್ನೆರಡು ವರ್ಷದ ಮಗುವಿನ ಕೈಗೆ ಒಂದು ನಿಯಮದ ರೂಪದಲ್ಲಿ ಬರುತ್ತದೆ.

ಬ್ಯಾಡಗಿಯ ಉದಾಹರಣೆ ಹೆಚ್ಚು ಸಮೃದ್ಧವಾದುದು. 2011ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ಪಡೆದ ಇಲ್ಲಿನ ಒಣಮೆಣಸಿನಕಾಯಿ ಬಣ್ಣಕ್ಕೆ ಹೆಸರಾದದ್ದು, ಖಾರ ಕಡಿಮೆ. ಬೆಳೆಗಾರನ ಮನೆಯ ಮಗು ಡಬ್ಬಿ, ಕಡ್ಡಿಗಳ ಭೇದವನ್ನು ಶಿಕ್ಷಕರಿಗಿಂತ ಚೆನ್ನಾಗಿ ಬಲ್ಲದು. 2024ರ ಮಾರ್ಚಿನಲ್ಲಿ ದರ ಕುಸಿದಾಗ ಮಾರುಕಟ್ಟೆಯ ಪ್ರಾಂಗಣದಲ್ಲಿ ಸಿಡಿದ ಆಕ್ರೋಶವನ್ನು ಆ ಮಕ್ಕಳು ಮನೆಯ ಮಾತಿನಲ್ಲಿ ಕೇಳಿಯೇ ಇದ್ದಾರೆ. ದರವೆಂಬುದು ಯಾರೋ ಒಬ್ಬರು ಸಿಟ್ಟಿನಿಂದ ಇಳಿಸುವ ವಸ್ತುವೆಂದು ಭಾವಿಸಿರುವ ಮಗುವಿಗೆ ಮುಂದಿನ ಸರಳ ಆಟ ಬೇರೊಂದನ್ನು ತೋರಿಸಬಲ್ಲದು.

ನಾಲ್ವರು ಆಟಗಾರರು. ಪ್ರತಿಯೊಬ್ಬರಿಗೂ 12 ಹುಣಸೆ ಬೀಜ; ಒಂದು ಬೀಜವೆಂದರೆ ಒಂದು ಚೀಲ. ಒಟ್ಟು ಐದು ಮಾರುಕಟ್ಟೆ ದಿನ. ಪ್ರತಿ ದಿನ ಎಲ್ಲರೂ ಶೂನ್ಯದಿಂದ ನಾಲ್ಕರವರೆಗೆ ಬೀಜಗಳನ್ನು ಮುಷ್ಟಿಯಲ್ಲಿ ಮುಚ್ಚಿ ಹಿಡಿದು ಒಮ್ಮೆಗೇ ತೆರೆಯಬೇಕು. ಚೀಲವೊಂದರ ದರ 20ರಿಂದ ಅಂದು ಬಂದ ಒಟ್ಟು ಚೀಲಗಳನ್ನು ಕಳೆದಷ್ಟು. ನಾಲ್ವರೂ ಎರಡೆರಡು ತಂದರೆ ಒಟ್ಟು 8, ದರ 12, ಪ್ರತಿಯೊಬ್ಬರಿಗೂ 24. ಒಬ್ಬ ಮಾತ್ರ ನಾಲ್ಕು ತಂದರೆ ಒಟ್ಟು 10, ದರ 10. ಅವನಿಗೆ 40, ಉಳಿದವರಿಗೆ ಇಪ್ಪತ್ತಿಪ್ಪತ್ತು. ಮರುದಿನ ಆ ಲಾಭ ಕಂಡು ಎಲ್ಲರೂ ನಾಲ್ಕು ತಂದರೆ ಒಟ್ಟು 16, ದರ 4, ಕೈಗೆ ಬಂದದ್ದು ಹದಿನಾರು. ಯಾರೂ ಮೋಸ ಮಾಡಲಿಲ್ಲ, ಆದರೂ ಎಲ್ಲರೂ ಸೋತರು. ಈ ಮಾತನ್ನು ಭಾಷಣದಲ್ಲಿ ಹೇಳಿದರೆ ಮಕ್ಕಳು ತಲೆಯಾಡಿಸುತ್ತಾರೆ. ಆಟದಲ್ಲಿ ಕಂಡರೆ ಮೂರನೆಯ ದಿನ ತಾವಾಗಿಯೇ ಪರಸ್ಪರ ಮಾತಾಡಿಕೊಳ್ಳತೊಡಗುತ್ತಾರೆ, ಐದನೆಯ ದಿನ ಒಬ್ಬ ಮಾತು ಮುರಿಯುತ್ತಾನೆ.

ಇಷ್ಟಕ್ಕೇ ನಿಲ್ಲಿಸಬಾರದು. ಈ ಆಟ ನಿಜವಾದ ಮಾರುಕಟ್ಟೆಗಿಂತ ಬಹಳ ಚಿಕ್ಕದು. ಬಣ್ಣ, ತೇವಾಂಶ, ಬೇರೆ ಜಿಲ್ಲೆ ಮತ್ತು ನೆರೆರಾಜ್ಯಗಳಿಂದ ಬರುವ ಮಾಲು, ಖರೀದಿದಾರರ ಬೇಡಿಕೆ ಇವು ಯಾವುವೂ ಇದರಲ್ಲಿಲ್ಲ. ‘ಈ ಆಟದಲ್ಲಿ ಏನು ಸುಳ್ಳು?’ ಎಂದು ಮಕ್ಕಳನ್ನೇ ಕೇಳಬೇಕು. ಮೊದಲ ಉತ್ತರ ಬಹುಶಃ ಹೀಗಿರುತ್ತದೆ: ‘ಉಳಿದ ಚೀಲ ಏನಾಯಿತು? ನಮ್ಮಪ್ಪ ಶೀತಲಗೃಹಕ್ಕೆ ಬಾಡಿಗೆ ಕಟ್ಟುತ್ತಾನಲ್ಲ?’ ಅಲ್ಲಿಂದ ಎರಡನೆಯ ನಿಯಮ ಹುಟ್ಟುತ್ತದೆ, ಅದರಿಂದ ಮೂರನೆಯದು. ನಿಯಮ ಐದನ್ನು ಮೀರಿದಾಗ ಆಟ ಭಾರವಾಗಿ ಕುಸಿಯುವುದೂ ಉಂಟು. ಆಗ ಯಾವುದನ್ನು ತೆಗೆಯಬೇಕೆಂಬ ಜಗಳ ಆರಂಭವಾಗುತ್ತದೆ. ಆ ಜಗಳವನ್ನು ಶಿಕ್ಷಕರು ಬೇಗ ಬಿಡಿಸಬಾರದು.

ಹಾವೇರಿ ತಾಲ್ಲೂಕಿನ ಕಾಲುವೆ ಪಕ್ಕದ ಊರುಗಳಿಗೆ ಅಳಗುಳಿಮಣೆ ಹೇಳಿ ಮಾಡಿಸಿದಂತಿದೆ. ಏಳೇಳರ ಎರಡು ಸಾಲು, 14 ಗುಳಿ. ಬೀಜವನ್ನು ನೀರೆಂದೂ ಗುಳಿಯನ್ನು ಹೊಲವೆಂದೂ ತಿಳಿದು, ಮೊದಲ ಗುಳಿಗೆ ಇಪ್ಪತ್ತು ಬೀಜ ಬಿಟ್ಟು, ಪ್ರತಿಯೊಬ್ಬರೂ ಬೇಕಾದಷ್ಟು ತೆಗೆದುಕೊಂಡು ಉಳಿದುದನ್ನು ಮುಂದಿನವರಿಗೆ ದಾಟಿಸಲಿ. ಕೊನೆಯ ಗುಳಿಯ ಮಗು ಎರಡು ಸುತ್ತು ಸುಮ್ಮನಿದ್ದು ಮೂರನೆಯ ಸುತ್ತಿಗೆ ಎದ್ದುಹೋಗುತ್ತದೆ. ತುಂಗಾ ಮೇಲ್ದಂಡೆ ಕಾಲುವೆಯ ತುದಿಯ ರೈತರು ಹೇಳುವುದೂ ಅದನ್ನೇ. ಆ ಮಗುವನ್ನು ಮತ್ತೆ ಕರೆದು ಕೂರಿಸಲು ಯಾವ ನಿಯಮ ಬೇಕು ಎಂಬುದೇ ಉಳಿದವರಿಗೆ ಮನೆಗೆಲಸ.

ರಚಿಸಿದವರು ಬಾಯಿ ಮುಚ್ಚಿ ಕೂರುವ ದಿನ

ಆಟವೊಂದು ಸಿದ್ಧವಾಯಿತೆಂದು ಮಕ್ಕಳಿಗೆ ಅನ್ನಿಸಿದ ದಿನವೇ ಅದು ಅರ್ಧವಾಗಿರುತ್ತದೆ. ಪಕ್ಕದ ತರಗತಿಯ ನಾಲ್ವರನ್ನು ಕರೆದು, ಮಣೆ ಮತ್ತು ನಿಯಮದ ಹಾಳೆ ಮಾತ್ರ ಕೊಟ್ಟು ಆಡಲು ಬಿಡಬೇಕು. ರಚಿಸಿದವರು ಪಕ್ಕದಲ್ಲಿ ಕುಳಿತು ನೋಡಬಹುದು, ಬರೆದುಕೊಳ್ಳಬಹುದು, ಮಾತಾಡುವಂತಿಲ್ಲ. ‘ಹಾಗಲ್ಲ, ಹೀಗೆ’ ಎಂದು ನಾಲಗೆ ತುದಿಗೆ ಬಂದ ಪ್ರತಿ ಸಲವೂ ನಿಯಮದ ಹಾಳೆಯಲ್ಲಿ ಒಂದು ತಪ್ಪಿದೆಯೆಂದು ಅರ್ಥ.

‘ಎರಡು ಕಾಯಿ ಒಂದೇ ಮನೆಗೆ ಬಂದರೆ ಹಿಂದೆ ಹೋಗಬೇಕು’ ಎಂದು ಮಗು ಬರೆಯುತ್ತದೆ. ಯಾರ ಕಾಯಿ? ಮೊದಲು ಬಂದುದೆ, ನಂತರ ಬಂದುದೆ? ಹಿಂದೆ ಎಂದರೆ ಒಂದು ಮನೆಯೆ, ಕಟ್ಟೆಯವರೆಗೆಯೆ? ಇಬ್ಬರೂ ಒಂದೇ ಬಣ್ಣದವರಾದರೆ? ಅಸ್ಪಷ್ಟವಾಗಿ ಬರೆದ ಠರಾವು ಆರು ತಿಂಗಳ ನಂತರ ಯಾವ ಯಾವ ಅರ್ಥ ಪಡೆಯುತ್ತದೆಂಬುದನ್ನು ಕಂಡ ಸದಸ್ಯರಿಗೆ ಇದನ್ನು ವಿವರಿಸಬೇಕಾಗಿಲ್ಲ. ಕನ್ನಡದಲ್ಲಿ ಸ್ಪಷ್ಟವಾಗಿ, ಎರಡರ್ಥ ಬಾರದಂತೆ ಒಂದು ಪುಟ ಬರೆಯುವುದು ಪ್ರಬಂಧ ಬರೆಯುವುದಕ್ಕಿಂತ ಕಷ್ಟದ ಭಾಷಾಭ್ಯಾಸ. ಓದುಬರಹದಲ್ಲಿ ಹಿಂದುಳಿದರೆಂದು ಹಿಂದಿನ ಸಾಲಿನಲ್ಲಿ ಕೂತ ಮಕ್ಕಳು ಇಲ್ಲಿ ಮುಂದೆ ಬರುವುದುಂಟು. ಆಟದಲ್ಲಿ ಕಳ್ಳದಾರಿ ಎಲ್ಲಿದೆಯೆಂದು ಮೊದಲು ಕಾಣುವವರು ಅವರೇ.

ದೃಷ್ಟಿದೋಷವುಳ್ಳ ಮಗು ಶಾಲೆಯಲ್ಲಿದ್ದರೆ ಆ ಮಗುವನ್ನು ಪರೀಕ್ಷಕ ಆಟಗಾರನಾಗಿ ಮೊದಲೇ ಕರೆಯುವುದು ಒಳ್ಳೆಯದು. ಗುಳಿ, ಕವಡೆ, ಹೊಲಿಗೆಯ ದಾರದಿಂದ ಗೆರೆ ಮೂಡಿಸಿದ ಹಾಸುಬಟ್ಟೆ ಇವು ಕೈಗೆ ತಿಳಿಯುತ್ತವೆ. ಬಣ್ಣದಿಂದ ಮಾತ್ರ ಬೇರ್ಪಡುವ ಕಾಯಿಗಳು ತಿಳಿಯುವುದಿಲ್ಲ. ಆಕಾರದಿಂದಲೂ ಬೇರ್ಪಡಿಸಿದರೆ ಎಲ್ಲರಿಗೂ ಅನುಕೂಲ.

ಸಾಮಗ್ರಿಯ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಹಳೆಯ ಕ್ಯಾಲೆಂಡರಿನ ಹಿಂಬದಿ, ಲಗ್ನಪತ್ರಿಕೆಯ ದಪ್ಪ ಕಾಗದ, ದರ್ಜಿಯ ಅಂಗಡಿಯ ಚಿಂದಿ, ಗೋವಿನಜೋಳದ ಕಾಳು, ಹುಣಸೆ ಬೀಜ, ಬೆಣಚುಕಲ್ಲು ಸಾಕು. ಸಿದ್ಧ ಪ್ಲಾಸ್ಟಿಕ್ ಆಟಿಕೆಗಳ ಪೆಟ್ಟಿಗೆಗಳನ್ನು ಕೊಟೇಶನ್ ಕರೆದು ಖರೀದಿಸುವುದರಿಂದ ಈ ಪಾಠದ ಉದ್ದೇಶವೇ ತಪ್ಪುತ್ತದೆ.

ಪಂಚಾಯತಿಯ ಪಾತ್ರ

ಗ್ರಾಮ ಪಂಚಾಯತಿ ಗ್ರಂಥಾಲಯಗಳು 2019ರಲ್ಲಿ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಯ ಅಡಿಗೆ ಬಂದವು. 2020ರ ‘ಓದುವ ಬೆಳಕು’ ಕಾರ್ಯಕ್ರಮದಿಂದ ಮಕ್ಕಳಿಗೆ ಉಚಿತ ಸದಸ್ಯತ್ವ ದೊರೆಯಿತು. ಈಗ ಅವು ಅರಿವು ಕೇಂದ್ರಗಳು. ಈ ಪಾಠಕ್ಕೆ ಅಲ್ಲಿನ ಮೇಜು ಅಥವಾ ಚಾಪೆ, ಮತ್ತು ಶಾಲೆಯ ಬ್ಯಾಗ್‌ರಹಿತ ‘ಸಂಭ್ರಮ ಶನಿವಾರ’ ಸೇರಿದರೆ ಸ್ಥಳವೂ ಸಮಯವೂ ಸಿಕ್ಕಂತೆಯೇ. ಕಲಿಕೆಯಲ್ಲಿ ಆಟಿಕೆ ಮತ್ತು ಆಟಗಳ ಬಳಕೆಗೆ 2020ರ ರಾಷ್ಟ್ರೀಯ ಶಿಕ್ಷಣ ನೀತಿಯ ನಂತರ ಒತ್ತು ಬಂದಿದೆ. 2021ರಲ್ಲಿ ವಿದ್ಯಾರ್ಥಿಗಳಿಂದಲೇ ಆಟ-ಆಟಿಕೆಗಳ ವಿನ್ಯಾಸ ಮಾಡಿಸುವ ‘ಟಾಯ್ಕಥಾನ್’ ರಾಷ್ಟ್ರಮಟ್ಟದಲ್ಲಿ ನಡೆಯಿತು. ಕರ್ನಾಟಕದ ಶಿಕ್ಷಕರಿಗೆ ಇದು ತೀರ ಹೊಸದೂ ಅಲ್ಲ. ಹೆಗ್ಗಡದೇವನಕೋಟೆಯಲ್ಲಿ 1995ರಲ್ಲಿ ಮೊಳೆತ ‘ನಲಿ-ಕಲಿ’ ಪದ್ಧತಿಯಲ್ಲಿ ಕಾರ್ಡು, ಆಟಗಳು ಮೊದಲಿನಿಂದಲೂ ಇವೆ. ಅಲ್ಲಿ ಆಟವನ್ನು ದೊಡ್ಡವರು ಮಾಡಿಕೊಡುತ್ತಾರೆ, ಇಲ್ಲಿ ಮಕ್ಕಳು ಮಾಡುತ್ತಾರೆ.

ಸಮಯದ ವಿಷಯದಲ್ಲಿ ಒಂದು ಎಚ್ಚರ. ಮೆಣಸಿನಕಾಯಿ ಸುಗ್ಗಿಯಲ್ಲಿ ತೊಟ್ಟು ಬಿಡಿಸುವ ಕೆಲಸಕ್ಕೆ ತಾಯಂದಿರು ಹೋದ ಮನೆಗಳಲ್ಲಿ ಸಂಜೆಯ ಅಡುಗೆ, ತಮ್ಮ-ತಂಗಿಯರ ಪಾಲನೆ ಹಿರಿಯ ಹೆಣ್ಣುಮಕ್ಕಳ ಹೆಗಲಿಗೆ ಬೀಳುತ್ತದೆ. ಸಂಜೆ ಆರಕ್ಕೆ ಅರಿವು ಕೇಂದ್ರದಲ್ಲಿ ಆಟದ ಶಿಬಿರ ಎಂದು ಗೊತ್ತುಮಾಡಿದರೆ ಅಲ್ಲಿ ಗಂಡುಮಕ್ಕಳು ಮಾತ್ರ ಇರುತ್ತಾರೆ. ಶಾಲೆಯ ಅವಧಿಯೊಳಗೆ ನಡೆಸುವುದೇ ಸರಿ.

ಕವಡೆ ಕಂಡೊಡನೆ ಜೂಜೆಂದು ಹುಬ್ಬೇರಿಸುವ ಪೋಷಕರೂ ಇರುತ್ತಾರೆ. ಅವರ ಆತಂಕ ನಿರಾಧಾರವಲ್ಲ. ಇಸ್ಪೀಟು ಹಾಳುಮಾಡಿದ ಮನೆಗಳು ಪ್ರತಿ ಊರಿನಲ್ಲಿವೆ. ಹಣವನ್ನಾಗಲಿ, ತಿಂಡಿಯನ್ನಾಗಲಿ, ಪೆನ್ಸಿಲನ್ನಾಗಲಿ ಪಣಕ್ಕಿಡುವಂತಿಲ್ಲವೆಂದು ಮೊದಲ ದಿನವೇ ಪೋಷಕರ ಎದುರು ಹೇಳಿ, ಅವರನ್ನೇ ಒಂದು ಆಟಕ್ಕೆ ಕೂರಿಸುವುದು ಉತ್ತಮ. ಊರಿನ ಅಜ್ಜಿಯರನ್ನು ಕರೆದರೆ ಇನ್ನೂ ಉತ್ತಮ. ಒಂದೇ ಊರಿನ ಎರಡು ಓಣಿಗಳಲ್ಲಿ ಚೌಕಾಬಾರದ ನಿಯಮ ಎರಡು ಬಗೆ ಇರುವುದನ್ನು ಮಕ್ಕಳು ಬರೆದಿಟ್ಟುಕೊಂಡರೆ ಅದೇ ಒಂದು ಸಂಗ್ರಹ.

ಇನ್ನು ಕಠಿಣವಾದ ಮಾತು. ಊರನ್ನೇ ಆಟವಾಗಿಸುವ ಮಕ್ಕಳು ಹಾವಿನ ಬಾಯಿಯನ್ನು ಎಲ್ಲಿ ಇಡುತ್ತಾರೆ? ಬೆಳಗದ ಬೀದಿದೀಪದ ಕಂಬದ ಬಳಿ, ಕಟ್ಟಿಕೊಂಡ ಚರಂಡಿಯ ಬಳಿ, ಬಾಗಿಲಿಲ್ಲದ ಶಾಲಾ ಶೌಚಾಲಯದ ಬಳಿ. ಕೆಲವೊಮ್ಮೆ ಪಂಚಾಯತಿ ಕಚೇರಿಯ ಬಾಗಿಲಲ್ಲಿಯೇ. ಅಳಿಸಿರೆಂದು ಹೇಳುವ ಹಕ್ಕು ಸದಸ್ಯರಿಗಿಲ್ಲ; ಹೇಳಿದರೆ ಮುಂದಿನ ಆಟದಲ್ಲಿ ಹೂವಿನ ತೋಟ, ಹಾರುವ ಹಕ್ಕಿಗಳು ಮಾತ್ರ ಇರುತ್ತವೆ, ಮತ್ತು ಮಕ್ಕಳು ಕಲಿತ ಪಾಠ ಬೇರೆಯೇ ಆಗಿರುತ್ತದೆ. ಆದರೆ ಇನ್ನೊಂದು ಗೆರೆಯನ್ನು ಶಿಕ್ಷಕರೂ ಸದಸ್ಯರೂ ಗಟ್ಟಿಯಾಗಿ ಕಾಯಬೇಕು. ಜಾಗದ ಹೆಸರು ಬರಬಹುದು, ವ್ಯಕ್ತಿಯ ಹೆಸರು ಬರಬಾರದು. ಯಾವ ಮನೆತನವೂ, ಯಾವ ಕೇರಿಯೂ, ಯಾವ ಜಾತಿ-ಮತವೂ ಹಾವಾಗಬಾರದು, ಆಟದಲ್ಲಿ ಕೆಳಗಿನ ಮೆಟ್ಟಿಲೂ ಆಗಬಾರದು. ಸಾಲ ಮಾಡಿದವನ ಮನೆ, ಕುಡಿಯುವವನ ಮನೆ ಎಂದು ಮಕ್ಕಳು ನಗುತ್ತ ಬರೆದದ್ದು ಆ ಮನೆಯ ಮಗು ಅದೇ ತರಗತಿಯಲ್ಲಿ ಕುಳಿತಿರುವಾಗ ನಗುವಾಗಿ ಉಳಿಯುವುದಿಲ್ಲ.

ಆಟವೊಂದು ತೆರಿಗೆ ಮತ್ತು ಆಸ್ತಿಯ ಬಗ್ಗೆ ಮಾತನಾಡಬಲ್ಲದು ಎಂಬುದಕ್ಕೆ ಪ್ರಸಿದ್ಧ ನಿದರ್ಶನ ಅಮೆರಿಕದ್ದು. ಎಲಿಜಬೆತ್ ಮ್ಯಾಗಿ ಎಂಬ ಮಹಿಳೆ 1904ರಲ್ಲಿ ‘ಭೂಮಾಲೀಕನ ಆಟ’ಕ್ಕೆ ಪೇಟೆಂಟ್ ಪಡೆದರು. ಭೂಮಿಯ ಬಾಡಿಗೆ ಕೆಲವರನ್ನು ಹೇಗೆ ಸಿರಿವಂತರನ್ನಾಗಿಸಿ ಉಳಿದವರನ್ನು ಬರಿಗೈ ಮಾಡುತ್ತದೆಂದು ತೋರಿಸುವುದು, ಹೆನ್ರಿ ಜಾರ್ಜ್ ಹೇಳಿದ ಭೂತೆರಿಗೆಯ ವಿಚಾರವನ್ನು ಜನರಿಗೆ ತಿಳಿಸುವುದು ಅವರ ಗುರಿ. ಸ್ಕಾಟ್ ನಿಯರಿಂಗ್ ಎಂಬ ಅಧ್ಯಾಪಕರು ಅದನ್ನು ಕಾಲೇಜಿನ ವಿದ್ಯಾರ್ಥಿಗಳಿಗೆ ಪಾಠವಾಗಿ ಆಡಿಸಿದರು. ಜನ ತಮ್ಮ ತಮ್ಮ ಊರಿನ ಬೀದಿಗಳ ಹೆಸರು ಬರೆದು ಕೈಯಿಂದಲೇ ಮಣೆ ಮಾಡಿಕೊಂಡರು. ಮೂವತ್ತು ವರ್ಷಗಳ ನಂತರ ಅಂಥ ಒಂದು ಮಣೆಯೇ ‘ಮೊನೊಪಲಿ’ ಎಂಬ ಹೆಸರಿನಲ್ಲಿ ಅಂಗಡಿಗೆ ಬಂತು, 1935ರಲ್ಲಿ ಕಂಪನಿ ಮ್ಯಾಗಿಯವರ ಹಕ್ಕನ್ನು 500 ಡಾಲರಿಗೆ ಕೊಂಡಿತು, ಮತ್ತು ಎಚ್ಚರಿಕೆಯಾಗಿ ಹುಟ್ಟಿದ ಆಟ ಆಸ್ತಿ ಕೂಡಿಹಾಕುವ ಸಂಭ್ರಮವಾಗಿ ಜಗತ್ತಿಗೆ ಪರಿಚಯವಾಯಿತು. ನಿಯಮವನ್ನು ಯಾರು ಬರೆಯುತ್ತಾರೆಂಬುದು ಎಷ್ಟು ಮುಖ್ಯವೆಂಬುದಕ್ಕೆ ಇದಕ್ಕಿಂತ ಉತ್ತಮ ಕಥೆ ಮಕ್ಕಳಿಗೆ ಹೇಳಲು ಸಿಗದು. ಮನೆತೆರಿಗೆ, ನೀರಿನ ಕರ, ಅನುದಾನಗಳ ಹಂಚಿಕೆಯನ್ನು ಕುರಿತು ಪ್ರೌಢಶಾಲೆಯ ಮಕ್ಕಳು ಆಟ ಮಾಡಲು ಬಯಸಿದರೆ ಪಂಚಾಯತಿಯು ತನ್ನ ಆಯವ್ಯಯದ ಪ್ರತಿಯನ್ನು ಅವರಿಗೆ ಓದಿ ಹೇಳಬೇಕು. ಹೇಗಿದ್ದರೂ ಅದು ಗ್ರಾಮಸಭೆಯ ಮುಂದೆ ಇಡಬೇಕಾದ ದಾಖಲೆಯೇ.

ಮಕ್ಕಳ ಗ್ರಾಮಸಭೆ ಈ ಆಟಗಳು ಹೊರಬರಲು ತಕ್ಕ ದಿನ. ಸಾಮಾನ್ಯವಾಗಿ ಆ ಸಭೆಯಲ್ಲಿ ಇಬ್ಬರು ಮೂವರು ಧೈರ್ಯವಂತ ಮಕ್ಕಳು ಶಿಕ್ಷಕರು ಬರೆದುಕೊಟ್ಟ ಚೀಟಿ ಓದುತ್ತಾರೆ. ಅದರ ಬದಲು ಅಧ್ಯಕ್ಷರೂ ಸದಸ್ಯರೂ ಪಂಚಾಯತಿ ಅಭಿವೃದ್ಧಿ ಅಧಿಕಾರಿಯೂ ಮಕ್ಕಳ ಮಣೆಯ ಸುತ್ತ ಅರ್ಧ ಗಂಟೆ ಕುಳಿತು ಆಡಲಿ. ಕೊನೆಯ ಗುಳಿಯ ರೈತನಾಗಿ ಒಮ್ಮೆ ಸೋತವರ ಪ್ರಶ್ನೆಗಳು ಬದಲಾಗುತ್ತವೆ. ಆದರೂ ಆಟ ಅರ್ಜಿಗೆ ಬದಲಿಯಲ್ಲ. ಮಣೆಯ ಮೇಲೆ ಕಂಡ ಚರಂಡಿ ನಡಾವಳಿಯಲ್ಲಿಯೂ ಬರಬೇಕು, ಕೈಗೊಂಡ ಕ್ರಮ ಮುಂದಿನ ಸಭೆಯಲ್ಲಿ ಮಕ್ಕಳಿಗೆ ತಿಳಿಯಬೇಕು. ಹಾಗಾಗದಿದ್ದರೆ ಮಕ್ಕಳು ಮರುವರ್ಷ ಮಣೆ ತರುವುದಿಲ್ಲ. ಸ್ಪರ್ಧೆ, ಪ್ರಥಮ-ದ್ವಿತೀಯ ಬಹುಮಾನಗಳನ್ನು ಇಡದಿರುವುದು ಲೇಸು. ಬಹುಮಾನವಿದ್ದಲ್ಲಿ ಮಕ್ಕಳು ಒಳ್ಳೆಯ ಆಟಕ್ಕಿಂತ ಅಂದವಾದ ಚಿತ್ರಪಟ ತರುತ್ತಾರೆ.

ಮುಗಿದ ಆಟಗಳ ಒಂದು ಪ್ರತಿ ಅರಿವು ಕೇಂದ್ರದಲ್ಲಿರಲಿ. ಮಿಠಾಯಿ ಪೆಟ್ಟಿಗೆಯೊಂದರಲ್ಲಿ ಹಾಸುಬಟ್ಟೆ, ಬೀಜದ ಚೀಲ, ಮುಚ್ಚಳದ ಒಳಬದಿಗೆ ಅಂಟಿಸಿದ ನಿಯಮದ ಹಾಳೆ. ಗ್ರಂಥಾಲಯ ಮೇಲ್ವಿಚಾರಕರು ಅದಕ್ಕೆ ಪುಸ್ತಕದಂತೆಯೇ ಸಂಖ್ಯೆ ಕೊಟ್ಟು ಮನೆಗೆ ಒಯ್ಯಲು ಬಿಡಬಹುದು. ಪೆಟ್ಟಿಗೆಯಲ್ಲಿ ಒಂದು ಖಾಲಿ ಹಾಳೆಯನ್ನೂ ಇಡಬೇಕು. ಒಯ್ದವರು ಯಾವ ನಿಯಮ ಬದಲಿಸಿ ಆಡಿದರೋ ಅದನ್ನು ಅದರಲ್ಲಿ ಬರೆದು, ದಿನಾಂಕ ಹಾಕಿ, ಹಿಂದಿರುಗಿಸುತ್ತಾರೆ.